ಡ್ರಮ್ಸ್ ಕಲಿಯಬೇಕಾ? ಮೊದಲು ಎರಡು ಸ್ಟಿಕ್, ಒಂದು ಪ್ಯಾಡ್ ಸಾಕು

ಡ್ರಮ್ಸ್ ಕಲಿಯಬೇಕು ಅಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಸೆಟ್‌ಗೆ ಎಷ್ಟಾಗುತ್ತದೆ ಅನ್ನುವುದು. ಸದ್ಯಕ್ಕೆ ಆ ಲೆಕ್ಕ ಬೇಡ. ಮೊದಲ ಎರಡು ಮೂರು ತಿಂಗಳಿಗೆ ಒಂದು ಜೊತೆ ಸ್ಟಿಕ್, ರಬ್ಬರ್ ಹೊದಿಸಿದ ಪ್ರಾಕ್ಟೀಸ್ ಪ್ಯಾಡ್, ಮೊಬೈಲಿನಲ್ಲಿ ಒಂದು ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ) ಆ್ಯಪ್ ಇದ್ದರೆ ಸಾಕು. ಸೆಟ್ ಮುಂದೆ ಕೂತಾಗ ಕೈ ನಮ್ಮ ಮಾತು ಕೇಳಬೇಕಲ್ವಾ? ಕೈ ಪಳಗುವುದು ಪ್ಯಾಡ್ ಮೇಲೆ.

ಅಂಗಡಿಯಲ್ಲಿ ‘5ಎ’ ಸ್ಟಿಕ್ ಕೇಳಿ. ಸುಮಾರು 16 ಇಂಚು ಉದ್ದ ಇರುತ್ತದೆ, ದಪ್ಪ ಹದವಾಗಿರುತ್ತದೆ. ದುಡ್ಡು ಕೊಡುವ ಮೊದಲು ಎರಡನ್ನೂ ಗಾಜಿನ ಕೌಂಟರ್ ಮೇಲೆ ಉರುಳಿಸಿ. ಸೊಟ್ಟಗಿರುವ ಸ್ಟಿಕ್ ಕುಲುಕುತ್ತಾ ಉರುಳುತ್ತದೆ, ಅದು ಬೇಡ. ಪ್ಯಾಡ್ ಬದಲು ದಿಂಬಿನ ಮೇಲೆ ಬಾರಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಶುರುವಿನಲ್ಲಿ ಬೇಡ. ದಿಂಬಿಗೆ ಹೊಡೆದ ಸ್ಟಿಕ್ ಅಲ್ಲೇ ಉಳಿದುಬಿಡುತ್ತದೆ. ನಾವು ಮೊದಲು ಕಲಿಯಬೇಕಾದದ್ದೇ ಅದರ ಪುಟಿತ.

ಈಗ ಹಿಡಿತ. ಇಲ್ಲಿ ಅವಸರ ಮಾಡಬೇಡಿ. ಹಿಂತುದಿಯಿಂದ ಸುಮಾರು ಮೂರನೇ ಒಂದು ಭಾಗ ಬಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ಟಿಕ್ ಹಿಡಿಯಿರಿ. ಉಳಿದ ಮೂರು ಬೆರಳು ಸುಮ್ನೆ ಸುತ್ತಿಕೊಂಡಿರಲಿ, ಒತ್ತಬಾರದು. ಅಂಗೈ ನೆಲ ನೋಡುತ್ತಿರಲಿ. ಈಗ ಸ್ಟಿಕ್ ಎತ್ತಿ ಪ್ಯಾಡ್ ಮೇಲೆ ಬಿಡಿ. ಹೊಡೆಯಬೇಡಿ, ಬಿಡಿ. ಟಕ್, ಟಕ್, ಟಕ್, ಟಟಟ ಅಂತ ಅದೇ ಕುಣಿದು ನಿಲ್ಲುತ್ತದೆ. ಒಂದೇ ಸಲಕ್ಕೆ ಸತ್ತುಹೋದರೆ ಬಿಗಿಯಾಗಿ ಹಿಡಿದಿದ್ದೀರಿ ಅಂತ ಅರ್ಥ. ಕೈ ಜಾರಿ ಹಾರಿದರೆ ತೀರಾ ಸಡಿಲ. ಈ ಎರಡರ ನಡುವಿನ ಜಾಗ ಸಿಗುವ ತನಕ ಇದನ್ನೇ ಮಾಡಿ. ಕೆಳಗೆ ಹೋಗುವುದು ನಮ್ಮ ಕೆಲಸ, ಮೇಲೆ ಬರುವುದು ಸ್ಟಿಕ್ಕಿನ ಕೆಲಸ. ಬಾರಿಸುವಾಗ ಮುಂಗೈ ನೋಯತೊಡಗಿದರೆ ನಿಲ್ಲಿಸಿ, ಕೈ ಒದರಿ, ಹಿಡಿತ ಮತ್ತೆ ನೋಡಿಕೊಳ್ಳಿ.

ಮೆಟ್ರೊನೋಮ್ 60ಕ್ಕೆ, ಅಂದರೆ ನಿಮಿಷಕ್ಕೆ 60 ಟಿಕ್‌ಗೆ, ಇಟ್ಟು ಬಲ, ಎಡ, ಬಲ, ಎಡ ಅಂತ ಶುರು ಮಾಡಿ. ದಿನಕ್ಕೆ 20 ನಿಮಿಷ ಸಾಕು, ಆದರೆ ದಿನಾ ಬೇಕು. ಬಲಗೈಯವರಿಗೆ ಎಡಗೈ ಏಟು ಮೆತ್ತಗೆ ಬೀಳುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಯಾವ ಏಟು ಯಾವ ಕೈಯದು ಅಂತ ಗೊತ್ತಾಗುತ್ತಿದ್ದರೆ ವೇಗ ಹೆಚ್ಚಿಸಬೇಡಿ. ನನ್ನ ಎಡಗೈ ಸರಿಹೋಗಲು ಆರು ತಿಂಗಳು ಹಿಡಿಯಿತು. ಅಲ್ಲಿ ಕೊಟ್ಟ ಸಮಯದ ಬಗ್ಗೆ ಇವತ್ತಿಗೂ ಬೇಸರ ಇಲ್ಲ.

ನಂತರದ್ದು ಪ್ಯಾರಾಡಿಡಲ್. ಜಗತ್ತಿನ ಎಲ್ಲ ಡ್ರಮ್ಮರ್‌ಗಳೂ ಕಲಿಯುವ ಪಾಠ ಇದು: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇದನ್ನು ಎಣಿಸಲು ‘ಒನ್ ಟೂ ತ್ರೀ ಫೋರ್’ ಬೇಕಾಗಿಲ್ಲ. ನಮ್ಮ ಕಿವಿಗೆ ಮೃದಂಗದ ಪಾಠದಿಂದ ಬಂದ ತಕಧಿಮಿ ಇದೆ. ‘ತಕಧಿಮಿ ತಕಧಿಮಿ’ ಅಂತ ಬಾಯಲ್ಲಿ ಹೇಳುತ್ತಾ ಬಾರಿಸಿ. ಮೊದಲ ‘ತ’ ಬಲಗೈಗೆ ಬರುತ್ತದೆ, ಎರಡನೇ ‘ತ’ ಎಡಗೈಗೆ. ಅಮೆರಿಕದ ಡ್ರಮ್ಮರ್ ಸ್ಟೀವ್ ಸ್ಮಿತ್ ಹೀಗೆ ತಾಳದ ಅಕ್ಷರಗಳನ್ನು ಬಾಯಲ್ಲಿ ಹೇಳುವ ಕಲೆ, ಅಂದರೆ ಕೊನ್ನಕೋಲ್, ಕಲಿತು ತಮ್ಮ ಕಛೇರಿಗಳಲ್ಲೇ ಹೇಳುತ್ತಾರೆ. ನಮಗಂತೂ ಇದು ಮನೆಯ ಬಾಗಿಲಲ್ಲೇ ಇದೆ.

ಕೈ ಒಂದು ಹದಕ್ಕೆ ಬಂದ ಮೇಲೆ ಸೆಟ್. ಕೊಳ್ಳಲೇಬೇಕು ಅಂತಿಲ್ಲ. ಕ್ಲಾಸಿನಲ್ಲೋ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಾಮ್ ರೂಮಿನಲ್ಲೋ ಕೂರಬಹುದು. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ನೆನಪಿಸಿಕೊಳ್ಳಿ. ದೊಡ್ಡ ಡ್ರಮ್ ಒಬ್ಬರ ಹೆಗಲಲ್ಲಿ, ಸೈಡ್ ಡ್ರಮ್ ಇನ್ನೊಬ್ಬರ ಸೊಂಟದಲ್ಲಿ, ತಾಳ ಮತ್ತೊಬ್ಬರ ಕೈಯಲ್ಲಿ. ಈ ಮೂವರ ಕೆಲಸವನ್ನು ಒಬ್ಬರೇ ಕೂತು ಮಾಡಲು ಅಮೆರಿಕದಲ್ಲಿ ರೂಪುಗೊಂಡದ್ದೇ ಡ್ರಮ್ ಸೆಟ್. ದೊಡ್ಡ ಡ್ರಮ್ಮನ್ನು ಕಾಲಿಗೆ ಒಪ್ಪಿಸಿದ್ದು ಪೆಡಲ್. ವಿಲಿಯಂ ಲುಡ್ವಿಗ್ 1909ರಲ್ಲಿ ತಂದ ಪೆಡಲ್ ಅದನ್ನು ವೇಗವಾಗಿ ತುಳಿಯುವಂತೆ ಮಾಡಿತು.

ಸ್ಟೂಲಿನ ಎತ್ತರ ಮೊದಲು ಸರಿ ಮಾಡಿಕೊಳ್ಳಿ. ತೊಡೆ ಮೊಣಕಾಲಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಬಲಗಾಲು ಬಾಸ್ ಡ್ರಮ್ (ಆ ದೊಡ್ಡ ಡ್ರಮ್) ಪೆಡಲ್ ಮೇಲೆ, ಎಡಗಾಲು ಹೈ-ಹ್ಯಾಟ್ (ಒಂದರ ಮೇಲೊಂದು ಇರುವ ಜೋಡಿ ತಾಳ) ಪೆಡಲ್ ಮೇಲೆ, ಸ್ನೇರ್ (ಬ್ಯಾಂಡ್ ಸೆಟ್ಟಿನ ಸೈಡ್ ಡ್ರಮ್) ಎರಡು ಮೊಣಕಾಲುಗಳ ನಡುವೆ. ಬಲಗೈ ಎಡಗೈ ಮೇಲಿಂದ ದಾಟಿ ಹೈ-ಹ್ಯಾಟ್ ಮುಟ್ಟುತ್ತದೆ. ಎಡಗೈಯವರು ಇಡೀ ಸೆಟ್ ತಿರುವಿ ಜೋಡಿಸಿಕೊಳ್ಳಬಹುದು.

ಮೊದಲ ಬೀಟ್ ಕೂಡ ಅದೇ ತಕಧಿಮಿಯಲ್ಲಿ ಅಡಗಿದೆ. ಎರಡು ಸಲ ‘ತಕಧಿಮಿ’ ಹೇಳಿ. ಎಂಟೂ ಅಕ್ಷರಕ್ಕೆ ಬಲಗೈ ಹೈ-ಹ್ಯಾಟ್ ಮೇಲೆ. ‘ತ’ ಬಂದಾಗ ಬಲಗಾಲು ಬಾಸ್ ತುಳಿಯಲಿ. ‘ಧಿ’ ಬಂದಾಗ ಎಡಗೈ ಸ್ನೇರ್ ಹೊಡೆಯಲಿ. ಅಷ್ಟೇ. ಎಷ್ಟೋ ಸಿನಿಮಾ ಹಾಡು, ರಾಕ್ ಹಾಡುಗಳ ಅಡಿಪಾಯ ಇದು. ಒಟ್ಟಿಗೆ ಬರದಿದ್ದರೆ ಬರೀ ಬಲಗೈ ನಾಲ್ಕು ಸುತ್ತು, ಆಮೇಲೆ ಕಾಲು ಸೇರಿಸಿ, ಕೊನೆಗೆ ಎಡಗೈ. ಕಾಲು ತುಳಿಯುವಾಗ ಸ್ನೇರ್ ಕೂಡ ಬೀಳುತ್ತದೆ, ಎಲ್ಲರಿಗೂ ಹಾಗೇ ಆಗುತ್ತದೆ. ಗಾಬರಿ ಬೇಡ. ವೇಗ ಅರ್ಧಕ್ಕೆ ಇಳಿಸಿ, ಬಾಯಿ ಮಾತ್ರ ನಿಲ್ಲಿಸಬೇಡಿ.

ಕಿವಿಯ ಮಾತು ಒಂದಿದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡ್ರಮ್ ಸೆಟ್ ಎದುರು ಶಬ್ದ ಸುಲಭವಾಗಿ 100 ಡೆಸಿಬಲ್ ದಾಟುತ್ತದೆ. ದಿನಕ್ಕೆ 8 ಗಂಟೆ ಕೇಳುವುದಾದರೆ 85 ಡೆಸಿಬಲ್ಲೇ ಮಿತಿ. ಹಾಳಾದ ಕಿವಿ ಮತ್ತೆ ಬರುವುದಿಲ್ಲ. ಇಯರ್ ಪ್ಲಗ್ ಇಲ್ಲದೆ ಕೂರಬೇಡಿ, ಮಕ್ಕಳನ್ನಂತೂ ಕೂರಿಸಲೇಬೇಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಎಲೆಕ್ಟ್ರಾನಿಕ್ ಕಿಟ್ ವಾಸಿ. ಹೆಡ್‌ಫೋನ್ ಹಾಕಿಕೊಂಡರೂ ಪೆಡಲ್ ತುಳಿಯುವ ಧಡ್ ಧಡ್ ನೆಲದ ಮೂಲಕ ಕೆಳಗಿನ ಮನೆಗೆ ಕೇಳುತ್ತದೆ. ದಪ್ಪ ಮ್ಯಾಟ್ ಹಾಸಿ, ಕೆಳಗಿನವರಿಗೆ ಒಂದು ಮಾತು ಹೇಳಿಡಿ.

ಬೀಟ್ ಐದು ನಿಮಿಷ ತಪ್ಪದೆ ನಿಂತರೆ ಒಂದು ಫಿಲ್, ಅಂದರೆ ಬೀಟ್ ನಡುವೆ ಬರುವ ಚಿಕ್ಕ ತಿರುವು, ಸೇರಿಸಬಹುದು. ಮೂರು ಸುತ್ತು ಬೀಟ್ ಬಾರಿಸಿ. ನಾಲ್ಕನೇ ಸುತ್ತಿನಲ್ಲಿ ಕಾಲು ಬಿಟ್ಟು, ಬಲ ಎಡ ಬಲ ಎಡ ಅಂತ ಮೊದಲ ತಕಧಿಮಿ ಸ್ನೇರ್ ಮೇಲೆ, ಎರಡನೆಯದು ಟಾಮ್‌ಗಳ (ಸೆಟ್ಟಿನ ಉಳಿದ ಡ್ರಮ್‌ಗಳ) ಮೇಲೆ. ಈ ಸುತ್ತಿನಲ್ಲಿ ಓಡುವ ಆಸೆ ಬರುತ್ತದೆ, ಮೆಟ್ರೊನೋಮ್ ಕೈ ಬಿಡಬೇಡಿ. ಫಿಲ್ ಮುಗಿದ ಕೂಡಲೇ ಬರುವ ‘ತ’ಕ್ಕೆ ಕ್ರ್ಯಾಶ್ (ಜೋರಾಗಿ ಮೊಳಗುವ ದೊಡ್ಡ ತಾಳ) ಮತ್ತು ಬಾಸ್ ಒಟ್ಟಿಗೆ ಬೀಳಬೇಕು, ಅಲ್ಲಿಂದ ಬೀಟ್ ಮತ್ತೆ ಮುಂದುವರಿಯಬೇಕು. ಆ ‘ತ’ ಮೊದಲ ಸಲ ಸರಿಯಾಗಿ ಬಿದ್ದಾಗ ಎದೆಗೇ ಗೊತ್ತಾಗುತ್ತದೆ.