ಹಲ್ಲಿಲ್ಲ ಅಂತ ನಾರು ಬಿಡಿಸಬೇಡಿ

ಮನೆಯಲ್ಲಿ ಹಿರಿಯರಿಗೆ ಹಲ್ಲು ಬಿದ್ದ ಮೇಲೆ ತಟ್ಟೆಯಲ್ಲಿ ಏನೇನು ಕಡಿಮೆಯಾಗುತ್ತದೆ ಅಂತ ಗಮನಿಸಿ ನೋಡಿ. ಮೊದಲು ಪಲ್ಯ ಹೋಗುತ್ತದೆ. ಆಮೇಲೆ ಕಾಳು. ಮುದ್ದೆ ಅರಗುವುದಿಲ್ಲ ಅಂತ ಅದೂ ನಿಲ್ಲುತ್ತದೆ. ಕೊನೆಗೆ ಉಳಿಯುವುದು ಬಿಳಿ ಅನ್ನ, ತಿಳಿಸಾರು, ಹಾಲು ಬ್ರೆಡ್ಡು, ಟೀ ಬಿಸ್ಕತ್ತು. ಮಕ್ಕಳು, ಸೊಸೆಯಂದಿರು ಇದನ್ನೆಲ್ಲ ಅಕ್ಕರೆಯಿಂದಲೇ ಮಾಡುತ್ತಾರೆ. ಆದರೆ ಈ ಊಟದಲ್ಲಿ ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಹೆಚ್ಚೇನೂ ಇರುವುದಿಲ್ಲ.

ಅನ್ನದ ಪಿಷ್ಟ, ಸಕ್ಕರೆ ಎಲ್ಲ ಹೆಚ್ಚುಕಡಿಮೆ ಸಣ್ಣ ಕರುಳಿನಲ್ಲೇ ಅರಗಿ ರಕ್ತಕ್ಕೆ ಸೇರಿಬಿಡುತ್ತವೆ. ದೊಡ್ಡ ಕರುಳಿನವರೆಗೂ ಹೋಗುವುದು ನಮಗೆ ಅರಗದ ನಾರು. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಬ್ಯುಟಿರೇಟ್ ಎನ್ನುವ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಶಕ್ತಿ ಬರುವುದು ಬಹುಪಾಲು ಇದರಿಂದಲೇ. ವಯಸ್ಸಾದಂತೆ ಬೈಫಿಡೋ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ. ಅದರ ಮೇಲೆ ನಾವು ನಾರನ್ನೂ ನಿಲ್ಲಿಸಿಬಿಟ್ಟರೆ ಹೇಗೆ ಹೇಳಿ?

ಐರ್ಲೆಂಡಿನ ಕಾರ್ಕ್ ಊರಿನ ಸಂಶೋಧಕರು 178 ಮಂದಿ ಹಿರಿಯರನ್ನು ಪರೀಕ್ಷಿಸಿ 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಮನೆಗಳಲ್ಲಿ ಇದ್ದವರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಇದ್ದವು. ಆರೈಕೆ ಕೇಂದ್ರಗಳಲ್ಲಿ ಬಹುಕಾಲದಿಂದ ಇದ್ದವರಲ್ಲಿ ಆ ವೈವಿಧ್ಯ ಕುಗ್ಗಿತ್ತು. ಅವರ ಊಟದಲ್ಲಿ ನಾರು ಕಡಿಮೆ ಇತ್ತು, ಬಗೆಯೂ ಕಡಿಮೆ ಇತ್ತು. ನಿಶ್ಶಕ್ತಿ ಅವರಲ್ಲೇ ಜಾಸ್ತಿ. ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಮಾತು. ಕೇಂದ್ರಕ್ಕೆ ಬಂದ ಮೇಲೆ ಮೊದಲು ಬದಲಾದದ್ದು ಊಟ, ಬ್ಯಾಕ್ಟೀರಿಯಾ ಬದಲಾದದ್ದು ಆಮೇಲೆ. ನಿಶ್ಶಕ್ತಿಗೆಲ್ಲ ಊಟ ಒಂದೇ ಕಾರಣ ಅಂತ ಇದರಿಂದ ಹೇಳಲಾಗುವುದಿಲ್ಲ, ಕಾಯಿಲೆಗಳೂ ಇರುತ್ತವೆ. ಆದರೆ ನಮ್ಮ ಕೈಯಲ್ಲಿ ಇರುವುದು ಊಟ ಅಲ್ವಾ?

ಹಾಗಾಗಿ ನನ್ನ ಸಲಹೆ ಇಷ್ಟೇ. ಊಟವನ್ನು ಮೆತ್ತಗೆ ಮಾಡಿ, ಆದರೆ ಅದರಿಂದ ಏನನ್ನೂ ತೆಗೆಯಬೇಡಿ.

ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿಯುತ್ತೇವೆ. ಕಟ್ಟಿನಿಂದ ಸಾರು, ಬಸಿದದ್ದರಿಂದ ಪಲ್ಯ. ಅಜ್ಜಿಗೆ ಅಗಿಯಲು ಆಗುವುದಿಲ್ಲ ಅಂತ ಬರೀ ಸಾರು ಬಡಿಸುತ್ತೇವೆ, ನಾರೆಲ್ಲ ಪಲ್ಯದ ಜೊತೆ ಬೇರೆಯವರ ತಟ್ಟೆಗೆ ಹೋಗುತ್ತದೆ. ಖಾರ ರುಬ್ಬುವಾಗ ಹೇಗೂ ಒಂದು ಹಿಡಿ ಬೆಂದ ಸೊಪ್ಪು ಕಾಳು ಹಾಕುತ್ತೇವಲ್ಲ, ಹಾಗೆಯೇ ಅಜ್ಜಿಯ ಪಾಲಿನ ಪಲ್ಯವನ್ನೂ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಅವರ ಸಾರಿಗೇ ಬೆರೆಸಿ. ರುಬ್ಬಿದರೆ ನಾರು ಎಲ್ಲೂ ಹೋಗುವುದಿಲ್ಲ, ಸೋಸಿದರೆ ಹೋಗುತ್ತದೆ. ಹಣ್ಣಿನ ರಸಕ್ಕೂ ಇದೇ ಮಾತು. ಸೋಸಿದ ಕಿತ್ತಳೆ ರಸದ ಬದಲು ಪರಂಗಿ ಹಣ್ಣನ್ನೋ ಬಾಳೆಹಣ್ಣನ್ನೋ ಚಮಚದಲ್ಲಿ ಕಿವುಚಿ ಕೊಡಿ.

ನನಗೂ ಈಗ 70 ದಾಟಿದೆ, ಹಲ್ಲಿನ ಸೆಟ್ಟು ಹಾಕಿಕೊಂಡೇ ಉಣ್ಣುತ್ತೇನೆ. ಮಸ್ಸೊಪ್ಪಿನಷ್ಟು ಒಗ್ಗುವ ಅಡುಗೆ ನನಗೆ ಇನ್ನೊಂದಿಲ್ಲ. ತೊಗರಿಬೇಳೆ, ಬೆರಕೆ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ ಒಟ್ಟಿಗೆ ಬೇಯಿಸಿ ಕಡಗೋಲಿನಲ್ಲಿ ಮಸೆದರೆ ಆಯಿತು. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇರುವ ಒಂದು ಬಗೆಯ ನಾರು ಬೈಫಿಡೋಗೆ ಬಲು ಇಷ್ಟ. ದಂಟಿನ ಸೊಪ್ಪಿನ ಎಳೆಯ ದಂಟನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಹಾಕಿ. ಹುರುಳಿಕಾಳು, ಅಲಸಂದೆ ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಎರಡು ಕೂಗು ಜಾಸ್ತಿ ಕೂಗಿಸಿ. ಹೊಟ್ಟೆ ಉಬ್ಬರ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕಡೇಪಕ್ಷ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನ, ತಿಳಿಸಾರಿನಲ್ಲಿ ಅದು ಎಲ್ಲಿಂದ ಬರಬೇಕು? ಮುದ್ದೆ ನುಂಗಲು ಕಷ್ಟ ಎನ್ನುವವರಿಗೆ ಅಂಬಲಿ ಮಾಡಿ. ರಾತ್ರಿ ಎರಡು ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಮುಚ್ಚಿಡಿ. ಬೆಳಿಗ್ಗೆ ಇನ್ನೊಂದು ಲೋಟ ನೀರು ಕುದಿಸಿ, ಅದಕ್ಕೆ ಈ ಹಿಟ್ಟು ಹುಯ್ದು, ಕೈಯಾಡಿಸುತ್ತಾ ಹಸಿ ವಾಸನೆ ಹೋಗುವವರೆಗೂ ಬೇಯಿಸಿ. ಆಮೇಲೆ ಒಲೆಯಿಂದ ಇಳಿಸಿ ಆರಲು ಬಿಡಿ. ಪಾತ್ರೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಬಿಸಿ ತಾಗಬಾರದು. ಆಗ ಮಜ್ಜಿಗೆ, ಚಿಟಿಕೆ ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಬೆರೆಸಿ. ಕುದಿಯುವ ಅಂಬಲಿಗೆ ಮಜ್ಜಿಗೆ ಹಾಕಿದರೆ ಅದರಲ್ಲಿನ ಜೀವಂತ ಬ್ಯಾಕ್ಟೀರಿಯಾ ಸಾಯುತ್ತವೆ. ಮಜ್ಜಿಗೆ ಹುಳಿ ಕುದಿಸಿದಾಗ ಆಗುವುದೂ ಅದೇ. ರುಚಿಗೆ ಅದನ್ನೂ ಮಾಡಿ, ಆದರೆ ಊಟದ ಕೊನೆಗೆ ಒಂದು ಲೋಟ ಹಸಿ ಮಜ್ಜಿಗೆ ತಪ್ಪಿಸಬೇಡಿ.

ಮೊಸರು ತಿಂದರೆ ಸಾಕು, ಉಳಿದದ್ದು ಬೇಡ ಎನ್ನುವವರು ಇದ್ದಾರೆ. ಮೊಸರು ಒಳ್ಳೆಯದೇ. ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹತ್ತು ವಾರ ಮೊಸರಿನಂಥ ಹುದುಗಿದ ಆಹಾರ ಹೆಚ್ಚು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತ್ತು. ಆದರೂ ನಾರು ಬಿಟ್ಟು ಬರೀ ಮೊಸರು ತಿನ್ನುವುದು ಹಸು ತಂದು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕದ ಹಾಗೆ. ಎರಡೂ ಬೇಕು.

ಓದಿದ ತಕ್ಷಣ ನಾಳೆಯಿಂದಲೇ ಎಲ್ಲ ಬದಲಾಯಿಸಲು ಹೋಗಬೇಡಿ. ವರ್ಷಗಟ್ಟಲೆ ಅನ್ನ ಸಾರು ತಿಂದ ಹೊಟ್ಟೆಗೆ ಒಂದೇ ಸಲ ಹುರುಳಿಕಾಳು ಹಾಕಿದರೆ ಗ್ಯಾಸ್ ಹಿಡಿದು, ಇನ್ನು ಅದರ ಸುದ್ದಿಯೇ ಬೇಡ ಎನ್ನುತ್ತಾರೆ. ಮೊದಲ ವಾರ ಅಂಬಲಿ, ಮುಂದಿನ ವಾರ ಮಸ್ಸೊಪ್ಪು, ಹೀಗೆ ನಿಧಾನವಾಗಿ ಸೇರಿಸಿ. ನಾರು ಹೆಚ್ಚಿದಂತೆ ನೀರೂ ಹೆಚ್ಚಬೇಕು, ಇಲ್ಲದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ರಾತ್ರಿ ಏಳಬೇಕಾಗುತ್ತದೆ ಅಂತ ಹಿರಿಯರು ನೀರನ್ನೇ ಬಿಡುತ್ತಾರೆ. ಬೆಳಿಗ್ಗೆಯಿಂದ ಸಂಜೆ ಆರರ ಒಳಗೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿ.

ಎಲ್ಲರಿಗೂ ಎಲ್ಲವೂ ಆಗುವುದಿಲ್ಲ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಿಡ್ನಿ ತೊಂದರೆ ಇರುವವರಿಗೆ ರಾಗಿ, ಸೊಪ್ಪು, ಬಾಳೆಹಣ್ಣಿನ ಪೊಟ್ಯಾಸಿಯಂ ಹೆಚ್ಚಾಗಬಹುದು. ಕಿಡ್ನಿ, ಹೃದಯದ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಪಾರ್ಶ್ವವಾಯು ಆಗಿ ನುಂಗಲು ತೊಡಕಾಗುವವರಿಗೆ ಮುದ್ದೆಯೂ ಬೇಡ, ತೆಳು ಅಂಬಲಿಯೂ ಬೇಡ, ಊಟ ಎಷ್ಟು ಗಟ್ಟಿ ಇರಬೇಕು ಅಂತ ಡಾಕ್ಟರೇ ಹೇಳಬೇಕು. ಸಿಪ್ರೊಫ್ಲಾಕ್ಸಾಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಮೊಸರು, ಹಾಲಿನ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಷ್ಟು ಹೊತ್ತು ಬಿಟ್ಟು ಮೊಸರು ಕೊಡಬೇಕು ಅಂತ ಮಾತ್ರೆ ಕೊಂಡಾಗಲೇ ಕೇಳಿಕೊಳ್ಳಿ.

ಮಲಬದ್ಧತೆ ಅಥವಾ ಭೇದಿ ಹೊಸದಾಗಿ ಶುರುವಾಗಿ ವಾರಗಟ್ಟಲೆ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಅಂಬಲಿ ಕುಡಿಸುತ್ತಾ ಕೂರಬೇಡಿ. ಕಬ್ಬಿಣದ ಮಾತ್ರೆ ನುಂಗುವವರಿಗೆ ಮಲ ಕಪ್ಪಗಾಗುವುದುಂಟು. ಮಾತ್ರೆ ಇಲ್ಲದೆ ಟಾರಿನಂತೆ ಕಪ್ಪಗಾದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.