ಕೊರಿಮೀಲಾದಲ್ಲಿ ಒಂದು ವರ್ಷ: ಪಾತ್ರೆ ತೊಳೆಯುತ್ತಾ ಮಾಡಿದ ಶಾಂತಿ ಸೇವೆ

ಉತ್ತರ ಐರ್ಲೆಂಡಿಗೆ ಶಾಂತಿ ಸೇವೆಗೆ ಹೊರಟಾಗ ಜಾಸ್ತಿ ಜನ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಗಲಾಟೆ ಮುಗಿದಿದೆಯಲ್ಲ, ಇನ್ನೇನು ಕೆಲಸ? ಸರಿಯಾದ ಪ್ರಶ್ನೆಯೇ. ಬ್ರಿಟನ್ನಿನಲ್ಲೇ ಉಳಿಯಬೇಕು ಅನ್ನುವ, ಹೆಚ್ಚಾಗಿ ಪ್ರೊಟೆಸ್ಟೆಂಟರಾದವರಿಗೂ ಐರ್ಲೆಂಡಿಗೆ ಸೇರಬೇಕು ಅನ್ನುವ, ಹೆಚ್ಚಾಗಿ ಕ್ಯಾಥೊಲಿಕರಾದವರಿಗೂ ನಡುವಿನ ಗಲಭೆ ಅದು. ಮೂವತ್ತು ವರ್ಷದಲ್ಲಿ ಸುಮಾರು 3,500 ಜನ ಸತ್ತ ಮೇಲೆ 1998ರಲ್ಲಿ ಗುಡ್ ಫ್ರೈಡೇ ಒಪ್ಪಂದ ಎಂಬ ಶಾಂತಿ ಒಪ್ಪಂದವಾಯಿತು. ಆದರೆ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕರ ಫಾಲ್ಸ್ ರೋಡಿಗೂ ಪ್ರೊಟೆಸ್ಟೆಂಟರ ಶ್ಯಾಂಕಿಲ್ ರೋಡಿಗೂ ನಡುವೆ 1969ರಲ್ಲಿ ತಾತ್ಕಾಲಿಕ ಅಂತ ಹಾಕಿದ ಬೇಲಿ ಈಗ ಎತ್ತರದ ಗೋಡೆ. ಎರಡೂ ಕಡೆಯ ಹೆಚ್ಚಿನ ಮಕ್ಕಳು ಇವತ್ತಿಗೂ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ.

ನಾನಿದ್ದದ್ದು ಬ್ಯಾಲಿಕ್ಯಾಸಲ್ ಊರಿನ ಹತ್ತಿರದ ಕೊರಿಮೀಲಾ ಎಂಬ ಕ್ರೈಸ್ತ ಸಮುದಾಯದಲ್ಲಿ. ಎರಡೂ ಕಡೆಯವರು ಬಂದು ಒಟ್ಟಿಗೆ ಉಳಿದು ಮಾತಾಡುವ ಜಾಗ ಇದು. ಎದುರಿಗೆ ಸಮುದ್ರ, ಆಚೆ ರಾಥ್ಲಿನ್ ದ್ವೀಪ. 1965ರಲ್ಲಿ ಇದನ್ನು ಶುರು ಮಾಡಿದ ರೇ ಡೇವಿ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದವರು. ಡ್ರೆಸ್ಡೆನ್ ನಗರ ಬಾಂಬಿಗೆ ಉರಿದದ್ದನ್ನು ಕಂಡವರು. ಗಲಭೆ ಶುರುವಾಗುವ ಮುಂಚೆಯೇ ಅವರಿಗೆ ಇಂಥ ಜಾಗ ಬೇಕು ಅನ್ನಿಸಿತ್ತು ನೋಡಿ.

ವೀಸಾ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬ್ರಿಟನ್ನಿನ ಚಾರಿಟಿ ವರ್ಕರ್ ವೀಸಾದಲ್ಲಿ ಗರಿಷ್ಠ ಒಂದು ವರ್ಷ ಇರಬಹುದು, ಸಂಬಳ ಪಡೆಯುವಂತಿಲ್ಲ. ಕರೆಸಿಕೊಳ್ಳುವ ಸಂಸ್ಥೆಗೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕರೆಸಲು ಅಲ್ಲಿನ ಸರ್ಕಾರದ ಅನುಮತಿ, ಇರಬೇಕು. ಟಿಬಿ ಟೆಸ್ಟ್ ಮಾಡಿಸಬೇಕು. ವೀಸಾ ಫೀ ಅಲ್ಲದೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್‌ಚಾರ್ಜ್ ಬೇರೆ ಇದೆ, ಅದು ಸಣ್ಣ ಮೊತ್ತವಲ್ಲ.

ಇನ್ನು ಕೆಲಸ. ಬೆಡ್‌ಶೀಟ್ ಬದಲಿಸುವುದು, ಟೀ ಕೊಡುವುದು, ಪಾತ್ರೆ ತೊಳೆಯುವುದು. ಇದನ್ನು ಶಾಂತಿ ಕೆಲಸ ಅಂತ ಹೇಗೆ ಹೇಳೋದು ಅಂತ ಮೊದಮೊದಲು ನನಗೂ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು. ಎರಡು ಶಾಲೆಯ ಮಕ್ಕಳು ಒಟ್ಟಿಗೆ ಬಂದರೆ ಮೊದಲ ದಿನ ಯಾರೂ ಹೇಳದೆಯೇ ಬೇರೆ ಬೇರೆ ಟೇಬಲ್ ಹಿಡಿಯುತ್ತಾರೆ. ಸೆಷನ್‌ನಲ್ಲಿ ಸುತ್ತ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಊಟದ ನಂತರ ಆ ಶಾಲೆಯ ಇಬ್ಬರು, ಈ ಶಾಲೆಯ ಇಬ್ಬರನ್ನು ಸಿಂಕ್ ಹತ್ತಿರ ನಿಲ್ಲಿಸಿದರೆ ಮಾತು ತಾನಾಗಿ ಹುಟ್ಟುತ್ತದೆ. ಕೈಗೆ ಕೆಲಸ ಇದ್ದಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅಲ್ವಾ?

ನನ್ನನ್ನೂ ಕೇಳುತ್ತಿದ್ದರು: ನೀನು ಕ್ಯಾಥೊಲಿಕ್ಕಾ, ಪ್ರೊಟೆಸ್ಟೆಂಟಾ? ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿ ಒಂದಾದ ಕಥೆ ಹೇಳುತ್ತಿದ್ದೆ. ಬಿಷಪ್ಪರೇ ಇಲ್ಲದ ಪ್ರೆಸ್ಬಿಟೇರಿಯನ್ನರು ಬಿಷಪ್ಪರನ್ನು ಒಪ್ಪಿಕೊಂಡರಾ ಅಂತ ದೊಡ್ಡವರು ಹುಬ್ಬೇರಿಸುತ್ತಿದ್ದರು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಉಪದೇಶ ಕೊಟ್ಟ ಹಾಗಾಗುತ್ತಿತ್ತು. ಸಭೆ ಒಂದಾದರೂ ನಮ್ಮೊಳಗೆ ಜಾತಿ ಹೋಗಿಲ್ಲ, ಮದುವೆ ವಿಷಯ ಬಂದಾಗ ಎದ್ದು ಕೂರುತ್ತದೆ ಅಂತಲೂ ಹೇಳುತ್ತಿದ್ದೆ. ಅವರ ಮಾತು ಸಲೀಸಾಗುತ್ತಿದ್ದದ್ದು ಆಮೇಲೆಯೇ. ಹೊರಗಿನವರಿಗೆ ಅಲ್ಲಿ ಒಂದು ಅನುಕೂಲ ಇದೆ, ಯಾವ ಕಡೆಗೂ ಸೇರಿಲ್ಲ. ಆದರೆ ನಮ್ಮ ಮನೆಯ ಹುಳುಕನ್ನು ಮುಚ್ಚಿಟ್ಟರೆ ಆ ಅನುಕೂಲ ಕೆಲಸಕ್ಕೆ ಬರುವುದಿಲ್ಲ.

ಒಂದು ವರ್ಷ ಯಾಕೆ ಬೇಕು? ಗಲಭೆಯಲ್ಲಿ ಮನೆಯವರನ್ನು ಕಳೆದುಕೊಂಡ ಹಿರಿಯರೊಬ್ಬರು ಮೊದಲ ಸಲ ಬಂದಾಗ ನನ್ನ ಹತ್ತಿರ ಮಳೆ, ಗಾಳಿ ಬಗ್ಗೆ ಮಾತ್ರ ಮಾತಾಡಿದರು. ತಿಂಗಳುಗಳ ನಂತರ ಮತ್ತೆ ಬಂದು, ಇನ್ನೂ ಇಲ್ಲೇ ಇದ್ದೀಯಾ ಅಂದರು. ಆವತ್ತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ತಮ್ಮ ಕಥೆ ಹೇಳಿದರು. ನಾನು ಏನೂ ಕೇಳಿರಲಿಲ್ಲ. ಆ ಕಥೆ ಇಲ್ಲಿ ಬರೆಯುವುದೂ ಇಲ್ಲ, ಅದು ಅವರದು. ಎರಡು ವಾರದ ಶಿಬಿರಕ್ಕೆ ಹೋಗುವವರನ್ನು ಸುಮ್ನೆ ಹೀಯಾಳಿಸುತ್ತಿಲ್ಲ. ಆದರೆ ಇಂಥದ್ದು ಅವರಿಗೆ ಸಿಗುವುದು ಕಷ್ಟ.

ಸ್ವಯಂಸೇವಕರು ಹಲವು ದೇಶದವರು, ಒಂದೇ ಮನೆಯಲ್ಲಿ ವಾಸ. ಶಾಂತಿಗೆಂದು ಬಂದ ನಾವೇ ಫ್ರಿಜ್ ಯಾರು ಒರೆಸಬೇಕು ಅಂತ ಮುನಿಸಿಕೊಂಡದ್ದುಂಟು.

ಎಲ್ಲಿಗೇ ಹೋಗುವುದಾದರೂ ಮೊದಲೇ ಮೂರು ವಿಷಯ ಕೇಳಿಕೊಳ್ಳಿ: ವೀಸಾ ಮತ್ತು ಸರ್‌ಚಾರ್ಜ್ ದುಡ್ಡು ಯಾರು ಕೊಡುತ್ತಾರೆ, ವಾರಕ್ಕೆ ಎಷ್ಟು ದಿನ ಬಿಡುವು, ಕೇಳಿದ ಕಥೆಗಳಿಂದ ಮನಸ್ಸು ಭಾರವಾದರೆ ಯಾರ ಹತ್ತಿರ ಹೋಗಬೇಕು. ಮೂರನೆಯದಕ್ಕೆ ಒಬ್ಬ ವ್ಯಕ್ತಿಯ ಹೆಸರು ಹೇಳಲಾಗದ ಕಡೆಗೆ ನಾನಂತೂ ಹೋಗುವುದಿಲ್ಲ.