ಎಲೆವನ್ ಪ್ಲಸ್ ಪರೀಕ್ಷೆಗೆ ಪದ ಕಲಿಸುವುದು ಹೇಗೆ? ಇಂಗ್ಲೆಂಡಿಗೆ ಹೊಸದಾಗಿ ಬಂದ ಮನೆಗಳಿಗೆ

ಎಂಟರಿಂದ ಹತ್ತು ವರ್ಷದ ಮಗು ಇಯರ್ ಫೋರ್ ಅಥವಾ ಇಯರ್ ಫೈವ್‌ನಲ್ಲಿರುವಾಗ ಇಲ್ಲಿಗೆ ಬಂದವರು ಸಂಘದಲ್ಲಿ ಹೆಚ್ಚಾಗಿ ಕೇಳುವುದು ಗ್ರಾಮರ್ ಸ್ಕೂಲಿನ ಬಗ್ಗೆ. ಗಣಿತಕ್ಕೆ ಯಾರೂ ಹೆದರುವುದಿಲ್ಲ. "ಮ್ಯಾಥ್ಸ್ ಪರವಾಗಿಲ್ಲ ರೀ, ವೊಕ್ಯಾಬುಲರಿದೇ ಚಿಂತೆ" ಅನ್ನುತ್ತಾರೆ. ಅದಕ್ಕೇ ಈ ಬರಹದಲ್ಲಿ ಪದಗಳಿಗೆ, ಅದರಲ್ಲೂ ಸಮಾನಾರ್ಥಕ ಪದಗಳಿಗೆ, ಜಾಸ್ತಿ ಜಾಗ ಕೊಟ್ಟಿದ್ದೇವೆ.

ಮೊದಲು ವ್ಯವಸ್ಥೆಯ ವಿಷಯ ಮುಗಿಸೋಣ. ಗ್ರಾಮರ್ ಸ್ಕೂಲ್ ಅಂದರೆ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ. ಫೀಸಿಲ್ಲ, ಆದರೆ ಎಲೆವನ್ ಪ್ಲಸ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಇಂಗ್ಲೆಂಡಿನಲ್ಲಿ ಇಂಥ ಶಾಲೆಗಳು 163 ಇವೆ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್ ಕಡೆ ಹೆಚ್ಚು. ಸಟನ್, ಸ್ಲೌ, ರೆಡಿಂಗ್, ಬರ್ಮಿಂಗ್‌ಹ್ಯಾಮ್, ಟ್ರಾಫರ್ಡ್‌ನಲ್ಲೂ ಇವೆ. ಎಷ್ಟೋ ಊರುಗಳಲ್ಲಿ ಒಂದೂ ಇಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಪದ್ಧತಿಯೇ ಇಲ್ಲ. ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ.

ಪರೀಕ್ಷೆ ಸಾಮಾನ್ಯವಾಗಿ ಇಯರ್ ಸಿಕ್ಸ್ ಶುರುವಾದ ಕೂಡಲೇ, ಸೆಪ್ಟೆಂಬರಿನಲ್ಲಿ. ಹೆಸರು ನೋಂದಾಯಿಸಬೇಕಾದದ್ದು ಮಾತ್ರ ಇಯರ್ ಫೈವ್‌ನಲ್ಲಿರುವಾಗಲೇ. ಬಹಳ ಕಡೆ ಬೇಸಿಗೆ ರಜೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಬಕಿಂಗ್‌ಹ್ಯಾಮ್‌ಶೈರ್‌ನ ಸರ್ಕಾರಿ ಪ್ರೈಮರಿ ಶಾಲೆಯ ಮಕ್ಕಳ ಹೆಸರು ತಾನಾಗಿಯೇ ಸೇರುತ್ತದೆ. ಉಳಿದ ಕಡೆ ಸಾಮಾನ್ಯವಾಗಿ ಅಪ್ಪ ಅಮ್ಮನೇ ನೋಂದಾಯಿಸಬೇಕು. ಟೆಸ್ಟಿಗೆ ಹೆಸರು ಕೊಟ್ಟ ಮಾತ್ರಕ್ಕೆ ಸೀಟಿಗೆ ಅರ್ಜಿ ಹಾಕಿದ ಹಾಗಾಗಲಿಲ್ಲ. ಕೌನ್ಸಿಲಿನ (ಸ್ಥಳೀಯ ಆಡಳಿತದ) ಅರ್ಜಿ ಬೇರೆಯೇ ಇದೆ, ಅದಕ್ಕೆ ಕೊನೆಯ ದಿನ ಅಕ್ಟೋಬರ್ 31. ಯಾವ ಶಾಲೆ ಸಿಕ್ಕಿತು ಅನ್ನುವುದು ಮಾರ್ಚ್ 1ರ ಹೊತ್ತಿಗೆ ಗೊತ್ತಾಗುತ್ತದೆ. ತಡವಾಗಿ ಬಂದವರಿಗೆ ಕೆಲವು ಕಡೆ ಮೇಲಿನ ತರಗತಿಗೆ ಸೇರಲು 12 ಪ್ಲಸ್, 13 ಪ್ಲಸ್ ಪರೀಕ್ಷೆಗಳೂ ಉಂಟು.

ಈಗ ಪದಗಳಿಗೆ ಬರೋಣ. ಬಹಳ ಕಡೆ ಪ್ರಶ್ನೆಪತ್ರಿಕೆ ತಯಾರಿಸುವುದು ಜಿಎಲ್ ಅಸೆಸ್‌ಮೆಂಟ್ ಎಂಬ ಸಂಸ್ಥೆ. ಅದರ ವರ್ಬಲ್ ರೀಸನಿಂಗ್ (ಪದಗಳ ಮೂಲಕ ತರ್ಕ ಪರೀಕ್ಷಿಸುವ) ಭಾಗದಲ್ಲಿ ಸಮಾನಾರ್ಥಕದ ಪ್ರಶ್ನೆ ಹೀಗಿರುತ್ತದೆ: ಎರಡು ಆವರಣ, ಒಂದೊಂದರಲ್ಲೂ ಮೂರು ಪದ. ಎರಡರಿಂದಲೂ ಒಂದೊಂದು ಆರಿಸಿ ಹತ್ತಿರದ ಅರ್ಥದ ಜೋಡಿ ಮಾಡಬೇಕು. ಒಂದು ಕಡೆ ಬ್ರೇವ್, ಸ್ಟ್ರಾಂಗ್, ಟಾಲ್ ಇವೆ ಅನ್ನಿ. ಇನ್ನೊಂದು ಕಡೆ ಹೀರೋ, ಕರೇಜಿಯಸ್, ಫಿಯರ್. ಅವಸರದ ಮಗು ಬ್ರೇವ್ ಜೊತೆಗೆ ಹೀರೋ ಹಾಕಿಬಿಡುತ್ತದೆ. ನಂಟಿದೆ ನಿಜ, ಆದರೆ ಒಂದು ಗುಣವನ್ನು ಹೇಳುವ ಪದ, ಇನ್ನೊಂದು ವ್ಯಕ್ತಿಯನ್ನು ಹೇಳುವ ಪದ. ಉತ್ತರ ಕರೇಜಿಯಸ್. ಫಿಯರ್ ಇಟ್ಟಿರುವುದು ವಿರುದ್ಧ ಅರ್ಥದ ಕಡೆ ಮಗುವನ್ನು ಎಳೆಯುವುದಕ್ಕೆ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಂದು ವಾಕ್ಯದಲ್ಲಿ ಮೊದಲ ಪದ ತೆಗೆದು ಎರಡನೆಯದನ್ನು ಹಾಕಿ ನೋಡಿ. ವಾಕ್ಯ ಕೆಡದೆ, ಅರ್ಥ ಬದಲಾಗದೆ ನಿಂತರೆ ಜೋಡಿ ಸರಿ.

ಇನ್ನೊಂದು ಬಗೆಯಲ್ಲಿ ಎರಡು ಬೇರೆ ಬೇರೆ ಗುಂಪಿಗೂ ಹೊಂದುವ ಒಂದೇ ಪದ ಹುಡುಕಬೇಕು. ಒಂದು ಗುಂಪು ಗಂಭೀರ ಅನ್ನುವ ಅರ್ಥದ್ದು, ಇನ್ನೊಂದು ಗೋರಿ ಅನ್ನುವ ಅರ್ಥದ್ದು. ಉತ್ತರ ಗ್ರೇವ್. ನಮ್ಮ ಮಕ್ಕಳು ಎಡವುವುದು ಇಲ್ಲೇ, ಯಾಕೆಂದರೆ ಇಂಗ್ಲಿಷ್ ಪದದ ಒಂದೇ ಅರ್ಥ ಅವರಿಗೆ ಗೊತ್ತಿರುತ್ತದೆ. ಅದು ಅವರ ತಪ್ಪಲ್ಲ. ನಾವು ಕನ್ನಡದ ನಡುವೆ ಬಳಸುವ ಇಂಗ್ಲಿಷ್ ಪದಗಳೇ ಹಾಗಿವೆ. ಕರೆಂಟ್ ಅಂದರೆ ನಮಗೆ ವಿದ್ಯುತ್, ಮುಗಿಯಿತು. ಪರೀಕ್ಷೆಯಲ್ಲಿ ಅದು ನದಿಯ ಸೆಳೆತವೂ ಆಗಬಹುದು, 'ಈಗಿನ' ಅನ್ನುವುದೂ ಆಗಬಹುದು. ಟೆನ್ಷನ್ ಅಂದರೆ ನಮಗೆ ಚಿಂತೆ, ಅಲ್ಲಿ ಹಗ್ಗದ ಬಿಗಿತ. ಫಂಕ್ಷನ್ ಅಂದರೆ ಮದುವೆಯೋ ಮುಂಜಿಯೋ, ಅಲ್ಲಿ ಒಂದು ವಸ್ತು ಮಾಡುವ ಕೆಲಸ. ಇನ್ನು ಕ್ರಾಸ್! ಬೆಂಗಳೂರಿನಿಂದ ಬಂದ ಮಗುವಿಗೆ ಅದು ರಸ್ತೆ. ಇಲ್ಲಿನ ಟೀಚರ್ ಕ್ರಾಸ್ ಆಗಿದ್ದಾರೆ ಅಂದರೆ ಸಿಟ್ಟಾಗಿದ್ದಾರೆ ಅಂತ.

ಹಾಗಾಗಿ ನಾವು ಹೇಳುವ ಮೊದಲ ಅಭ್ಯಾಸ ಇದು: ಮನೆಯಲ್ಲಿ ಕನ್ನಡ ಮಾತಾಡುವಾಗ ಬರುವ ಇಂಗ್ಲಿಷ್ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮ್ಯಾಟರ್, ಡೌಟ್, ಸೀರಿಯಸ್, ಫೈನ್, ಪಾರ್ಟಿ, ಚಾರ್ಜ್. ಒಂದೊಂದಕ್ಕೂ ಬೇರೆ ಅರ್ಥ ಏನಿದೆ ಅಂತ ಮಗುವಿನ ಜೊತೆ ಕೂತು ನಿಘಂಟಿನಲ್ಲಿ ಹುಡುಕಿ. ಅಪ್ಪ ಅಮ್ಮನಿಗೂ ಹೊಸದು ಸಿಗುತ್ತದೆ, ಮಗುವಿಗೂ ಮಜಾ.

ಎರಡನೆಯದು, ಮನೆಯಲ್ಲಿ ಕನ್ನಡ ಬಿಡಬೇಡಿ. ಪರೀಕ್ಷೆ ಹತ್ತಿರ ಬಂತು ಅಂತ ಒಮ್ಮೆಲೇ ಇಂಗ್ಲಿಷಿಗೆ ತಿರುಗುವ ಮನೆಗಳು ಬಹಳ. ನಮ್ಮ ಅಭಿಪ್ರಾಯದಲ್ಲಿ ಅದರ ಅಗತ್ಯವಿಲ್ಲ. ನೀರು–ಜಲ, ಹೂವು–ಪುಷ್ಪ, ಕಣ್ಣು–ನೇತ್ರ ಗೊತ್ತಿರುವ ಮಗುವಿಗೆ ಒಂದೇ ವಸ್ತುವಿಗೆ ಮನೆಮಾತಿನ ಪದವೊಂದು, ಪುಸ್ತಕದ ಪದವೊಂದು ಇರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲೂ ಇದೇ ಕಥೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದು ಹಳೆಯ ಪದಗಳ ಪಕ್ಕದಲ್ಲಿ ಕೂತವು. ಹೆಲ್ಪ್ ಪಕ್ಕ ಅಸಿಸ್ಟ್, ಬಿಗಿನ್ ಪಕ್ಕ ಕಮೆನ್ಸ್, ಬೈ ಪಕ್ಕ ಪರ್ಚೇಸ್. ಪರೀಕ್ಷೆಯ ಎಷ್ಟೋ ಜೋಡಿಗಳು ಹೀಗೆಯೇ ಹುಟ್ಟಿದವು. ಮಗು ದಿನಬಳಕೆಯ ಪದ ಬಲ್ಲದು, ನೀವು ಅದಕ್ಕೆ ಪುಸ್ತಕದ ಜೊತೆಗಾರನನ್ನು ಪರಿಚಯಿಸಿದರೆ ಸಾಕು.

ತೀವ್ರತೆಯ ಲೆಕ್ಕವೂ ಕನ್ನಡದಿಂದಲೇ ಹೇಳಿಕೊಡಬಹುದು. ಮುನಿಸು, ಸಿಟ್ಟು, ಕ್ರೋಧ ಒಂದೇ ಅಲ್ವಲ್ಲ. ಮುನಿಸು ನಮ್ಮವರ ಮೇಲೆ ಮಾತ್ರ ಬರುತ್ತದೆ, ಕ್ರೋಧ ಬಂದರೆ ಮಾತೇ ಬೇರೆ. ಅದೇ ರೀತಿ ಅನಾಯ್ಡ್, ಆಂಗ್ರಿ, ಫ್ಯೂರಿಯಸ್ ಪದಗಳನ್ನು ಚೀಟಿಗಳ ಮೇಲೆ ಬರೆದು ಮೆತ್ತಗಿನದರಿಂದ ಜೋರಿನದಕ್ಕೆ ಸಾಲಾಗಿ ಇಡಲು ಹೇಳಿ. ವಾರ್ಮ್, ಹಾಟ್, ಸ್ಕಾಲ್ಡಿಂಗ್ ಕೂಡ ಹಾಗೆ. ಆಯ್ಕೆಗಳಲ್ಲಿ ಎರಡು ಸರಿ ಅನ್ನಿಸಿದಾಗ ಉತ್ತರ ತೀರ್ಮಾನವಾಗುವುದು ಈ ತೂಕದ ಮೇಲೆಯೇ.

ಉದ್ದುದ್ದ ಪಟ್ಟಿ ಕೊಟ್ಟು ಉರು ಹೊಡೆಸುವುದು ನಮ್ಮಲ್ಲಿ ಹಳೆಯ ರೂಢಿ. ಅದರಿಂದ ಅಷ್ಟೇನೂ ಉಪಯೋಗವಿಲ್ಲ. ದಿನಕ್ಕೆ ನಾಲ್ಕೈದು ಪದ ಸಾಕು. ಆದರೆ ಪ್ರತಿಯೊಂದಕ್ಕೂ ಮಗು ತನ್ನದೇ ವಾಕ್ಯ ಹೇಳಬೇಕು, ಒಂದು ವಿರುದ್ಧ ಪದವನ್ನೂ ಹೇಳಬೇಕು. ಕಲಿತದ್ದನ್ನು ಮಾರನೇ ದಿನ ಒಮ್ಮೆ ಕೇಳಿ, ಮುಂದಿನ ವಾರ ಒಮ್ಮೆ, ತಿಂಗಳ ಮೇಲೆ ಇನ್ನೊಮ್ಮೆ. ಈ ಅಂತರವೇ ನೆನಪನ್ನು ಗಟ್ಟಿ ಮಾಡುತ್ತದೆ.

ಭಾರತದ ಶಾಲೆಯಲ್ಲಿ ಓದಿದ ಮಕ್ಕಳಿಗೆ ಕಷ್ಟದ ಪದ ಗೊತ್ತಿದ್ದು ಸುಲಭದ್ದು ಗೊತ್ತಿಲ್ಲದಿರುವುದೂ ಉಂಟು. ಬ್ರೂಕ್ ಅಂದರೆ ಸಣ್ಣ ತೊರೆ, ಗೇಲ್ ಅಂದರೆ ಬಿರುಗಾಳಿ, ಮಾರ್ಷ್ ಅಂದರೆ ಜೌಗು ನೆಲ. ಸ್ಲೀಟ್ (ಹಿಮ ಬೆರೆತ ಮಳೆ), ಹೆಜ್ (ಗಿಡಗಳ ಬೇಲಿ), ಮೆಡೋ (ಹುಲ್ಲುಗಾವಲು) ಇವೆಲ್ಲ ಇಲ್ಲಿನ ಹವೆ, ಇಲ್ಲಿನ ನೆಲ ಕಲಿಸುವ ಪದಗಳು. ವಾಕಿಂಗ್ ಹೋದಾಗ ತೋರಿಸಿ, ಸಂಜೆ ಹವಾಮಾನ ವರದಿ ಕೇಳಿಸಿ. ಉಳಿದದ್ದು ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಊರಿನ ಲೈಬ್ರರಿ ಕಾರ್ಡಿಗೆ ದುಡ್ಡಿಲ್ಲ. ಬಂದ ವಾರವೇ ಮಾಡಿಸಿ. ಬೇಸಿಗೆ ರಜೆಯಲ್ಲಿ ಲೈಬ್ರರಿಗಳು 4ರಿಂದ 11 ವರ್ಷದವರಿಗೆ ಸಮ್ಮರ್ ರೀಡಿಂಗ್ ಚಾಲೆಂಜ್ ನಡೆಸುತ್ತವೆ, ಅದಕ್ಕೂ ಸೇರಿಸಿ.

ಟ್ಯೂಷನ್ ಬೇಕೇ ಬೇಕಾ ಅಂತ ಕೇಳುತ್ತಾರೆ. ಮನೆಯಲ್ಲಿ ಒಬ್ಬರಿಗೆ ದಿನಾ ಅರ್ಧ ಗಂಟೆ ಬಿಡುವಿದ್ದರೆ ಪದಗಳ ಮಟ್ಟಿಗೆ ಬೇಡ ಅನ್ನುತ್ತೇವೆ. ಜಿಎಲ್ ಸಂಸ್ಥೆಯೇ ತನ್ನ ವೆಬ್‌ಸೈಟಿನಲ್ಲಿ ಮಾದರಿ ಪತ್ರಿಕೆಗಳನ್ನು ಉಚಿತವಾಗಿ ಕೊಡುತ್ತದೆ. ದುಡ್ಡು ಕೊಟ್ಟು ಪುಸ್ತಕ ಕೊಳ್ಳುವ ಮೊದಲು ಅವನ್ನು ಮಾಡಿಸಿ. ನಿಮ್ಮ ಕಡೆಯ ಶಾಲೆಗಳು ಯಾರ ಪತ್ರಿಕೆ ಬಳಸುತ್ತವೆ ಅನ್ನುವುದನ್ನು ಶಾಲೆಯ ಅಡ್ಮಿಷನ್ ಪುಟದಲ್ಲೇ ನೋಡಿ. ಎಸೆಕ್ಸ್‌ನ ಕೆಲವು ಶಾಲೆಗಳು ಸೇರಿ ತಮ್ಮದೇ ಪತ್ರಿಕೆ ಮಾಡುತ್ತವೆ, ಅಲ್ಲಿನ ತಯಾರಿ ಬೇರೆ.

ಕೊನೆಯ ಕೆಲವು ವಾರ ಗಡಿಯಾರ ಇಟ್ಟು ಮಾಡಿಸಿ. ಉತ್ತರ ಗುರುತಿಸುವ ಹಾಳೆ ಪ್ರಶ್ನೆಪತ್ರಿಕೆಯಿಂದ ಬೇರೆಯಾಗಿರುತ್ತದೆ. ಪೆನ್ಸಿಲಿನಲ್ಲಿ ಸರಿಯಾದ ಚೌಕದಲ್ಲಿ ಗೆರೆ ಎಳೆಯಬೇಕು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಆ ಹಾಳೆಯಲ್ಲೂ ಸಾಲು ಬಿಡಬೇಕು ಅನ್ನುವುದು ಮಕ್ಕಳಿಗೆ ಮರೆತುಹೋಗುತ್ತದೆ, ಆಮೇಲೆ ಎಲ್ಲ ಉತ್ತರವೂ ಒಂದೊಂದು ಸಾಲು ಜಾರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯದ ಪತ್ರಿಕೆಯಾದರೆ ಒಂದನ್ನೂ ಖಾಲಿ ಬಿಡಬಾರದು. ಗೊತ್ತಿಲ್ಲದ ಪದ ಬಂದರೆ ಖಂಡಿತ ಅಲ್ಲ ಅನ್ನುವ ಎರಡನ್ನು ಹೊಡೆದು ಹಾಕಿ, ಉಳಿದದ್ದರಲ್ಲಿ ಒಂದಕ್ಕೆ ಗೆರೆ ಎಳೆದು ಮುಂದೆ ಹೋಗಲು ಹೇಳಿಕೊಡಿ.